ಬಾಟಲಿಗೆ ಅಂಟದ ಅವರೆ ಬಳ್ಳಿ

ಹೋದ ವಾರ ನಮ್ಮ ಶಾಲೆಯ ಕರಕುಶಲದ ಮೇಡಂ ರಜೆ ಹಾಕಿದ್ದರಿಂದ ಎಂಟನೇ ತರಗತಿಯ ಆ ಪೀರಿಯಡ್ಡು ನನ್ನ ತಲೆಗೆ ಬಿತ್ತು. ನಾನು ವಿಜ್ಞಾನ ಪಾಠ ಮಾಡುವವಳು. ಗಲಾಟೆ ಮಾಡದೆ ಕೂತರೆ ಸಾಕು ಅಂದುಕೊಂಡು ಹೋದೆ. ಬಾಗಿಲಲ್ಲೇ ಮೂಗಿಗೆ ಬಡಿಯಿತು, ಬಿಳಿ ಗೋಂದಿನ ಆ ಹುಳಿ ಹುಳಿ ವಾಸನೆ. ಮಕ್ಕಳು ಗೋಂದಿಗೆ ಬಣ್ಣ ಕಲಸಿ ಪ್ಲಾಸ್ಟಿಕ್ ಹಾಳೆಯ ಮೇಲೆ ಚಿಟ್ಟೆ, ಮೀನು ಬಿಡಿಸುತ್ತಿದ್ದರು. ಅದು ಒಣಗಿದ ಮೇಲೆ ಹಾಳೆಯಿಂದ ಸಿಪ್ಪೆ ಸುಲಿದ ಹಾಗೆ ಕಿತ್ತು ಗಾಜಿನ ಬಾಟಲಿಗೆ ಒತ್ತಿದರೆ ತಾನಾಗಿಯೇ ಅಂಟಿಕೊಳ್ಳುತ್ತದೆ. ಬೇರೆ ಅಂಟು ಬೇಕಿಲ್ಲ.

"ಮಿಸ್, ಇದನ್ನ ಯಾವಾಗ ಕೀಳಬೋದು?" ಅಂತ ಮುಂದಿನ ಬೆಂಚಿನ ಹುಡುಗಿ ಕೇಳಿದಳು.

"ಹಾಲಾರಿದ ಮೇಲೆ" ಅಂದುಬಿಟ್ಟೆ.

ಅವಳು ಪಕ್ಕದವಳ ಮುಖ ನೋಡಿದಳು. ಪಾಪ, ಆ ಮಾತು ಅರ್ಥವಾಗುವವರು ಈ ಮೈಸೂರಿನಲ್ಲೇ ಮೂರು ಜನ. ನಾನು, ನನ್ನಮ್ಮ, ಮತ್ತೆ ಶಶಿ ಅತ್ತಿಗೆ. ಗೋಂದು ಹಸಿ ಇರುವಾಗ ಎಂಥಾ ಬಣ್ಣ ಹಾಕಿದರೂ ಹಾಲು ಬೆರೆಸಿದ ಹಾಗೆ ಬೆಳ್ಳಗೆ ಮಂಕಾಗಿರುತ್ತದೆ. ಒಣಗುತ್ತಾ ಒಣಗುತ್ತಾ ಆ ಬಿಳುಪು ಹೋಗಿ, ಕೆಂಪು ಕೆಂಪಾಗಿ, ಹಸಿರು ಹಸಿರಾಗಿ, ಎದುರಿನ ಬೆಳಕು ಕಾಣುವಷ್ಟು ತಿಳಿಯಾಗುತ್ತದೆ. ಅದಕ್ಕೆ ನಮ್ಮನೆಯಲ್ಲಿ ಹಾಲಾರೋದು ಅಂತಿದ್ದೆವು. ಏಳು ವರ್ಷದಿಂದ ಆ ಮಾತು ನನ್ನ ಬಾಯಿಗೆ ಬಂದಿರಲಿಲ್ಲ. ಅವತ್ತು ಮಿಕ್ಕ ಪೀರಿಯಡ್ಡೆಲ್ಲ ನಾನು ಕಿಟಕಿಯ ಹತ್ತಿರ ನಿಂತೇ ಕಳೆದೆ.

ಆಗ ನಾನು ಬಿ.ಎಡ್. ಓದುತ್ತಿದ್ದೆ. ಹಿನಕಲ್‌ನಲ್ಲಿ ನಮ್ಮ ತಾತ ರಾಗಿ ಬೆಳೆಯುತ್ತಿದ್ದ ಹೊಲ ಬಡಾವಣೆಯಾಗಿ, ನಮ್ಮ ಪಾಲಿಗೆ ಉಳಿದ ಒಂದು ಸೈಟಿನಲ್ಲಿ ಅಪ್ಪ ಕಟ್ಟಿದ ಮನೆ. ಅಪ್ಪ ಹೋಗಿ ನಾಲ್ಕು ವರ್ಷವಾಗಿತ್ತು. ಅಣ್ಣನಿಗೆ ಕಡಕೊಳದ ಕಾರ್ಖಾನೆಯೊಂದರಲ್ಲಿ ಕೆಲಸ. ಎರಡು ವರ್ಷದ ಹಿಂದೆ ಅವನ ಮದುವೆಯಾಗಿ ಶಶಿ ಅತ್ತಿಗೆ ಮನೆಗೆ ಬಂದಿದ್ದರು. ಲಷ್ಕರ್ ಮೊಹಲ್ಲಾದವರು, ಟೈಲರ್ ಒಬ್ಬರ ಮಗಳು. ಕೈ ಚಾಚಿದರೆ ಪಕ್ಕದ ಮನೆಯ ಕಿಟಕಿ ಸಿಗುವಂಥ ಬೀದಿಯಲ್ಲಿ ಬೆಳೆದವರಿಗೆ ನಮ್ಮ ಹಿತ್ತಿಲು, ತೆಂಗಿನಮರ, ಕಾಂಪೌಂಡಿನ ಬಳ್ಳಿ ಎಲ್ಲ ಮೊದಮೊದಲು ಬಹಳ ಹಿಡಿಸಿತ್ತು. ನನಗಿಂತ ಎರಡೇ ವರ್ಷ ದೊಡ್ಡವರು. ನಾನು ನೀವು ಅಂತಲೇ ಮಾತಾಡಿಸುತ್ತಿದ್ದೆ. ಜಗಳವನ್ನೂ ನೀವು ಅಂತಲೇ ಆಡುತ್ತಿದ್ದೆ.

ಆ ವರ್ಷ ಆಷಾಢಕ್ಕೆ ಅತ್ತಿಗೆ ತವರಿಗೆ ಹೋದರು. ಹೊಸ ಮದುಮಗಳೇನಲ್ಲ, ಹೋಗಬೇಕಾಗಿರಲಿಲ್ಲ. ಹೋದರು. ಶ್ರಾವಣ ಹುಟ್ಟಿದ ಎರಡನೇ ದಿನ ವಾಪಸು ಬಂದರು. ಚೀಲದಲ್ಲಿ ಎರಡು ಸೀರೆ, ಒಂಬತ್ತು ಖಾಲಿ ಬಾಟಲು. ಸಂಜೆ ಮಳೆ ಹನಿಯತೊಡಗಿದಾಗ ಬಟ್ಟೆ ತೆಗೆಯಲು ಇಬ್ಬರೂ ತಾರಸಿಗೆ ಓಡಿದೆವು. ಅಲ್ಲಿ ತಂತಿಯ ಆ ಕಡೆ ನಿಂತು ಅತ್ತಿಗೆ ಹೇಳಿದರು.

"ಗೀತಾ, ನಿನಗೊಬ್ಬಳಿಗೆ ಹೇಳ್ತಿದೀನಿ. ದಸರಾ ಮುಗಿಯೋವರೆಗೂ ನೋಡ್ತೀನಿ. ಸರಿಹೋದ್ರೆ ಸರಿ. ಇಲ್ಲಾಂದ್ರೆ ನಮ್ಮನೆಗೆ ಹೊರಟುಬಿಡ್ತೀನಿ."

"ಅಣ್ಣ ಏನಾದ್ರೂ ಅಂದ್ನಾ?"

"ಏನೂ ಅನ್ನಲ್ಲ ಕಣೇ. ಅದೇ ಆಗಿರೋದು. ಮದುವೆಯಾದ ಮೂರನೇ ತಿಂಗಳು ಒಂದ್ಸಲ ಅಂದ್ರು, ಅಮ್ಮ ಹಟ ಹಿಡಿದ್ರು ಅಂತ ಒಪ್ಕೊಂಡೆ ಅಂತ. ಆಮೇಲಿಂದ ಇವತ್ತಿನವರೆಗೂ ಅದನ್ನ ಸುಳ್ಳು ಮಾಡೋ ಒಂದ್ ಮಾತೂ ಆಡಿಲ್ಲ."

ನನ್ನ ಅಣ್ಣ ಕೆಟ್ಟವನಲ್ಲ. ಕುಡಿಯುವುದಿಲ್ಲ, ಬೈಯುವುದಿಲ್ಲ. ಕೆಲಸದಿಂದ ಬಂದು ಕೈಕಾಲು ತೊಳೆದು, ತಟ್ಟೆಯಲ್ಲಿದ್ದದ್ದನ್ನು ಉಂಡು, ಮೊಬೈಲು ನೋಡುತ್ತಾ ಮಲಗುತ್ತಿದ್ದ. ಬೈದಿದ್ದರೆ ನಾವೂ ನಾಲ್ಕು ಮಾತು ಬೈಯಬಹುದಿತ್ತು. ಅಂಥವನನ್ನು ಹಿಡಿದು ಕೇಳುವುದಾದರೂ ಏನನ್ನು? ನನಗಂತೂ ಒಂದೇ ಒಂದು ಗೊತ್ತಿತ್ತು, ಅತ್ತಿಗೆ ಹೋಗಬಾರದು. ಅಪ್ಪ ಹೋದ ಮೇಲೆ ಆ ಮನೆಯಲ್ಲಿ ನಗು ಕೇಳಿಸಿದ್ದು ಅವರು ಬಂದ ಮೇಲೆಯೇ.

ಬಾಟಲುಗಳ ವಿಷಯ ಮಾರನೇ ದಿನ ಗೊತ್ತಾಯಿತು. ತವರಿನಲ್ಲಿ ಅವರ ಅಕ್ಕನ ಮಗಳು ಮೊಬೈಲಿನಲ್ಲಿ ತೋರಿಸಿದ್ದಳಂತೆ. ಅತ್ತಿಗೆ ಅಡುಗೆಮನೆಯ ಕಟ್ಟೆಯ ಮೇಲೆ ಅಂಗಡಿ ಹರಡಿದರು. ಬಿಳಿ ಗೋಂದು, ಪಾತ್ರೆ ತೊಳೆಯುವ ಸೋಪಿನ ನೀರು ಒಂದು ಹನಿ, ಕೇಸರಿಬಾತಿಗೆ ಹಾಕುವ ಬಣ್ಣ, ಬಿಳಿ ಬಟ್ಟೆಗೆ ಅದ್ದುವ ನೀಲಿ. ಹಾಲಿನ ಖಾಲಿ ಕವರನ್ನು ಮೆಹಂದಿಯ ಕೋನಿನಂತೆ ಸುತ್ತಿ, ತುದಿ ಕತ್ತರಿಸಿ, ಅದರಲ್ಲಿ ಬಣ್ಣ ತುಂಬಿ ಹಿಂಡುವುದು. ಬಿಡಿಸಲು ನನ್ನ ಬಿ.ಎಡ್. ರೆಕಾರ್ಡಿನ ಪ್ಲಾಸ್ಟಿಕ್ ಫೈಲುಗಳೇ ಆದವು. ಮೊದಲು ಕಪ್ಪು ಗೆರೆ, ಅದು ಒಣಗಿದ ಮೇಲೆ ಒಳಗೆ ಬಣ್ಣ. ಮೊದಲನೆಯದು ಒಂದು ಗಿಳಿ. ಜಾಮಿನ ಬಾಟಲಿಗೆ ಅದನ್ನು ಒತ್ತಿ, ಬೆರಳಿನಲ್ಲಿ ಗುಳ್ಳೆ ತೆಗೆದು, ಕಿಟಕಿಯಲ್ಲಿಟ್ಟಾಗ ಅಮ್ಮ ಕೂಡ ಒಗ್ಗರಣೆ ಬಿಟ್ಟು ಬಂದು ನೋಡಿದಳು.

ನನ್ನ ತಲೆಗೆ ಉಪಾಯ ಹೊಳೆದದ್ದು ಆಗಲೇ. ಒಂದು ಕೆಲಸ ಹಿಡಿದರೆ ಅದನ್ನು ಮುಗಿಸದೆ ಏಳುವ ಜಾಯಮಾನ ಅತ್ತಿಗೆಯದಲ್ಲ. ಹಾಗಾದರೆ ಬಾಟಲು ಮುಗಿಯಬಾರದು. ಮುಗಿಯುವವರೆಗೂ ಹೋಗುವುದಿಲ್ಲ ತಾನೇ? ಇಪ್ಪತ್ನಾಲ್ಕು ವರ್ಷದ ಪದವೀಧರೆಯ ಬುದ್ಧಿ ಇದು. ಅಕ್ಕಪಕ್ಕದ ಮನೆಗಳಲ್ಲಿ ಕೇಳಿದೆ, ಗೆಳತಿಯರ ಹಾಸ್ಟೆಲಿನಲ್ಲಿ ಕೇಳಿದೆ, ಗುಜರಿ ಅಂಗಡಿಯಲ್ಲಿ ಆರಿಸಿದೆ. ಒಂದು ದಿನ ಗೋಣಿಚೀಲ ಹೊತ್ತು ಬಂದಾಗ ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಇಷ್ಟನ್ನೂ ನಾನು ಯಾವ ಜನ್ಮದಲ್ಲಿ ಮಾಡಲಿ?"

"ವರಮಹಾಲಕ್ಷ್ಮಿ ಹಬ್ಬಕ್ಕೆ ಬರೋರಿಗೆ ಕೊಡೋಣ ಅತ್ತಿಗೆ. ತಾಂಬೂಲದ ಜೊತೆ."

ಅಮ್ಮ ಹೂಂ ಅಂದಳು. ಅಲ್ಲಿಗೆ ಇಪ್ಪತ್ತೊಂದು ಬಾಟಲು ಅಂತ ನಿಶ್ಚಯವಾಯಿತು. ಲೇಬಲ್ಲು ನೆನೆಸಿ ಕೀಳುವುದು, ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ, ಸೋಡಾಪುಡಿ ಹಚ್ಚಿ ಉಜ್ಜುವುದು ನನ್ನ ಪಾಲು. ಬಿಡಿಸುವುದು ಅತ್ತಿಗೆಯ ಪಾಲು. ಸೀರೆಯಂಚಿನ ಮಾವಿನಕಾಯಿ, ಮಲ್ಲಿಗೆ ಮೊಗ್ಗು, ಗಿಳಿ. ಆ ವರ್ಷ ಜಡಿಮಳೆ. ಬಿಸಿಲು ಎರಡು ನಿಮಿಷ ಇಣುಕಿ ಹೋಗುತ್ತಿತ್ತು. ಒಂದು ದಿನಕ್ಕೆ ಒಣಗಬೇಕಾದ ಚಿತ್ರ ಮೂರು ದಿನವಾದರೂ ಬೆಳ್ಳಗೇ ಇರುತ್ತಿತ್ತು. ಟೀವಿ ಸ್ಟ್ಯಾಂಡಿನ ಮೇಲೆ, ಫ್ರಿಜ್ಜಿನ ನೆತ್ತಿಯ ಮೇಲೆ, ದೇವರ ಗೂಡಿನ ಪಕ್ಕ, ಎಲ್ಲಿ ನೋಡಿದರೂ ಪ್ಲಾಸ್ಟಿಕ್ ಹಾಳೆ. ಬೆಳಗ್ಗೆ ಎದ್ದವರೆಲ್ಲ ಮೊದಲು ಕೇಳುತ್ತಿದ್ದದ್ದು, "ಹಾಲಾರಿತಾ?" ಆ ಮಾತು ಶುರು ಮಾಡಿದವಳು ಅಮ್ಮ.

ಹಬ್ಬದ ಹಿಂದಿನ ದಿನ, ಗುರುವಾರ ಮಧ್ಯಾಹ್ನ, ನಾನು ಕಾಲೇಜಿನಿಂದ ಬಂದೆ. ಅತ್ತಿಗೆ ಹೂವು ತರಲು ಮಾರ್ಕೆಟ್ಟಿಗೆ ಹೋಗಿದ್ದರು. ಹಿತ್ತಿಲಲ್ಲಿ ಅಮ್ಮ ದೊಡ್ಡ ಬೇಸಿನ್ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಬಿಸಿನೀರು, ಸೋಪಿನಪುಡಿ, ಅದರಲ್ಲಿ ಇಪ್ಪತ್ತೊಂದು ಬಾಟಲು. ನೀರಿನ ಮೇಲೆ ಗಿಳಿಗಳು ಬೆಳ್ಳಗೆ ಊದಿಕೊಂಡು ತೇಲುತ್ತಿದ್ದವು.

ಅಮ್ಮನಿಗೆ ಆಗಲೇ ಗೊತ್ತಾಗಿತ್ತು. ಮುಖ ಸಣ್ಣದಾಗಿತ್ತು. "ಯಾರ್ ಯಾರೋ ತಿಂದಿಟ್ಟ ಬಾಟ್ಲು ಕಣೇ. ಮುತ್ತೈದೇರ ಕೈಗೆ ಎಂಗ್ ಕೊಡೋದು ಅಂತ ನೆನಸಾಕ್ಬುಟ್ಟೆ. ಬಣ್ಣ ಅಂದ್ಮೇಲೆ ನೀರಿಗೆ ತಡೀಬ್ಯಾಡ್ವಾ?"

ಹೊಸ ಪಾತ್ರೆಯಾಗಲಿ ಹಳೆಯದಾಗಲಿ, ಏನನ್ನಾದರೂ ತುಂಬುವ ಮುಂಚೆ ಒಂದು ಸಲ ತೊಳೆಯದೆ ಇದ್ದರೆ ಅಮ್ಮನಿಗೆ ನಿದ್ದೆ ಬಾರದು. ಗೋಂದು ನೀರಿಗೆ ಕರಗುತ್ತದೆ ಅಂತ ಅವಳಿಗೆ ಹೇಳಬೇಕು ಅಂತ ನಮಗಿಬ್ಬರಿಗೂ ಹೊಳೆದಿರಲಿಲ್ಲ. ಅತ್ತಿಗೆ ಬಂದರು. ಹೂವಿನ ಪೊಟ್ಟಣ ಕೈಯಲ್ಲೇ ಇತ್ತು. ಬೇಸಿನ್ನಿನೊಳಗೆ ನೋಡಿದರು. ಒಂದು ಗಿಳಿಯನ್ನು ಎತ್ತಿದರು, ಅದು ಬೆರಳ ಸಂದಿಯಲ್ಲಿ ಲೋಳೆಯಾಗಿ ಇಳಿಯಿತು. ಇದೇ ನೆಪವಾಗಿ ಇವತ್ತೇ ಹೊರಟುಬಿಡುತ್ತಾರೆ ಅಂದುಕೊಂಡೆ.

ಅತ್ತಿಗೆ ಕಲ್ಲಿನ ಮೇಲೆ ಕೂತು ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. "ಅತ್ತೆ, ಒಂದಾದ್ರೂ ಬಿಡಬಾರದಿತ್ತಾ? ಮಡಿ ಅಂದ್ರೆ ಇದು ಕಣ್ರೀ."

"ನಗ್ಬ್ಯಾಡ ಬುಡು ಮಗ, ನಂಗೇ ಒಟ್ಟೆ ಉರೀತದೆ" ಅಂದಳು ಅಮ್ಮ. ಆಮೇಲೆ ಕೈ ಒರೆಸಿಕೊಂಡು ಒಳಗೆ ಹೋಗಿ, ತಾನೇ ಒಂದು ಹಾಲಿನ ಕವರು ಸುತ್ತಿ ಗೋಂದು ತುಂಬಿಕೊಂಡು ಕೂತಳು. ನಲವತ್ತು ವರ್ಷ ರಂಗೋಲಿ ಎಳೆದ ಕೈ. ಮೊದಲ ಎರಡು ಗೆರೆ ಸೊಟ್ಟಗಾದವು. ಮೂರನೆಯದರಿಂದ ಎಂಟೆಳೆಯ ಬಳ್ಳಿ ಎಲ್ಲೂ ಕಡಿಯದೆ ಹರಿಯಿತು. ಅತ್ತಿಗೆ ಪಕ್ಕದಲ್ಲಿ ಕೂತು ಬಣ್ಣ ತುಂಬಿದರು. ನಾನು ಪುಟ್ಟ ಮಗುವಿನ ಹಾಗೆ ಇಬ್ಬರ ನಡುವೆ ಕವರು ಕತ್ತರಿಸುತ್ತಾ ಕೂತೆ. ನನ್ನ ಬದುಕಿನ ಯಾವುದಾದರೂ ಒಂದು ಮಧ್ಯಾಹ್ನವನ್ನು ವಾಪಸು ಕೊಡುತ್ತೇವೆ ಅಂದರೆ ನಾನು ಅದನ್ನೇ ಕೇಳುತ್ತೇನೆ.

ಮಾರನೇ ದಿನಕ್ಕೆ ಯಾವುದೂ ಒಣಗಲಿಲ್ಲ. ಬಂದ ಹೆಂಗಸರಿಗೆಲ್ಲ ಬರೀ ಬಾಟಲಲ್ಲೇ ಅರಿಶಿನ ಕುಂಕುಮ ಹಾಕಿ ಕೊಟ್ಟೆವು. ಅಮ್ಮ ಬಿಡಬೇಕಲ್ಲ. "ಇದ್ರ ಮ್ಯಾಲೆ ಚಿತ್ರ ಬರೋದೈತೆ. ಇನ್ನೂ ಹಾಲಾರಿಲ್ಲ. ಮುಂದಿನ ವಾರ ಬಾಟ್ಲು ತಗೊಂಡ್ ಬನ್ನಿ, ನಮ್ಮ ಶಶಿ ಅಂಟಿಸ್ಕೊಡ್ತಾಳೆ" ಅಂತ ಒಬ್ಬೊಬ್ಬರಿಗೂ ಹೇಳಿ ಕಳಿಸಿದಳು.

ಅವರೆಲ್ಲ ನಿಜವಾಗಿಯೂ ಬಂದರು. ಶ್ರಾವಣ ಕಳೆದು ಗೌರಿಹಬ್ಬ ಮುಗಿದರೂ ಬರುತ್ತಲೇ ಇದ್ದರು. ಬಾಟಲು ಸೆರಗಿನಲ್ಲಿಟ್ಟುಕೊಂಡು ಬಂದು, ಗಿಳಿಯೋ ಮಾವಿನಕಾಯೋ ಅಂತ ಆರಿಸಿ, ಕಾಫಿ ಕುಡಿದು, ಒಂದು ಗಂಟೆ ಹರಟಿ ಹೋಗುವುದು. ಮಗಳನ್ನೂ ನಾದಿನಿಯನ್ನೂ ಕರೆದುಕೊಂಡು ಎರಡನೇ ಸಲ ಬಂದವರೂ ಇದ್ದರು. ಅತ್ತಿಗೆಯ ಕೆಲಸ ಮುಗಿಯಲೊಲ್ಲದು. ನನಗೆ ಒಳಗೊಳಗೇ ಖುಷಿ. ಒಂದು ಸಂಜೆ ಅಣ್ಣ ಬಂದಾಗ ಹಜಾರದ ತುಂಬಾ ಹೆಂಗಸರು. ಅವನು ಗೋಡೆ ಸವರಿಕೊಂಡು ಒಳಗೆ ಹೋಗುತ್ತಿದ್ದವನು, ಫ್ರಿಜ್ಜಿನ ಮೇಲಿನ ಹಾಳೆಯೊಂದನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿದು ನೋಡಿ, "ಚೆನ್ನಾಗಿದೆ" ಅಂದ. ಆ ಒಂದು ಮಾತಿನ ಮೇಲೆ ನಾನು ಎಷ್ಟು ದೊಡ್ಡ ಮನೆ ಕಟ್ಟಿಕೊಂಡೆ ಅಂದರೆ, ಇವತ್ತು ನೆನೆದರೆ ನನ್ನ ಮೇಲೇ ಕನಿಕರವಾಗುತ್ತದೆ. ಅತ್ತಿಗೆ ಕಟ್ಟಿಕೊಳ್ಳಲಿಲ್ಲ. ಅವನು ರೂಮಿಗೆ ಹೋದ ಮೇಲೆ ಆ ಹಾಳೆಯನ್ನು ಮತ್ತೆ ನೆಟ್ಟಗೆ ಇಟ್ಟರು.

ನವರಾತ್ರಿ ಶುರುವಾದ ದಿನ ಗೋಣಿಚೀಲದಲ್ಲಿ ಒಂದೇ ಬಾಟಲು ಉಳಿದಿತ್ತು. "ಇದು ನಿನಗೆ. ಏನು ಬಿಡಿಸಲಿ?" ಅಂದರು.

ಕಾಂಪೌಂಡಿನ ಮೇಲೆ ಅಮ್ಮ ಹಬ್ಬಿಸಿದ್ದ ಅವರೆ ಬಳ್ಳಿಯನ್ನು ತೋರಿಸಿದೆ. "ಅದು. ಹೂವಿನ ಸಮೇತ."

"ಹೂ ಬಿಡೋಕೆ ಇನ್ನೂ ತಿಂಗಳು ಬೇಕಲ್ಲೇ."

"ಬಿಟ್ಟ ಮೇಲೆ ನೋಡ್ಕೊಂಡು ಬಿಡಿಸಿ. ನನಗೇನೂ ಅವಸರ ಇಲ್ಲ."

ಅತ್ತಿಗೆ ನನ್ನ ಮುಖ ನೋಡಿದರು. ಆಮೇಲೆ ಹೋದ ವರ್ಷದ ಹೂವನ್ನು ನೆನಪಿಸಿಕೊಂಡು ಬಿಡಿಸಿದರು. ಸುತ್ತಿಕೊಂಡ ತುದಿ, ಮೂರು ಮೂರು ಎಲೆ, ನೇರಳೆ ಹೂವಿನ ಗೊಂಚಲು. ನೀಲಿಗೆ ಕೆಂಪು ಬೆರೆಸಿ ಆ ನೇರಳೆ ಬರಿಸಲು ನಾಲ್ಕು ಸಲ ಕಲಸಿದ್ದರು. ಮುಗಿಸಿ ಕೈ ತೊಳೆದುಕೊಂಡು ಅಂದರು, "ಇದೊಂದು ಒಣಗಲಿ. ನನ್ನ ಕೈಯಾರೆ ಅಂಟಿಸಿಯೇ ಹೋಗ್ತೀನಿ."

ಮಳೆ ನಿಂತಿತ್ತು. ಬಿಸಿಲು ಚುರುಗುಡುತ್ತಿತ್ತು. ಎರಡು ದಿನಕ್ಕೆ ಒಣಗುವುದು ಖಂಡಿತ. ಹಾಗಾಗಿ ನಾನು ಆ ಹಾಳೆಯನ್ನು ಎತ್ತಿಕೊಂಡು ಹೋಗಿ ಬಚ್ಚಲುಮನೆಯಲ್ಲಿ, ಹಂಡೆಯ ಮೇಲಿನ ಹಲಗೆಯಲ್ಲಿ ಇಟ್ಟೆ. ಹಬ್ಬದ ದಿನಗಳು, ದಿನಾ ಎಣ್ಣೆನೀರು, ಬಚ್ಚಲ ತುಂಬಾ ಹಬೆ. ಯಾರಾದರೂ ಕೇಳಿದರೆ ತಾರಸಿಯಲ್ಲಿ ಒಣಗುತ್ತಿದೆ ಅನ್ನುತ್ತಿದ್ದೆ. ಆರು ದಿನವಾದರೂ ಹಾಲಾರಲಿಲ್ಲ. ಬೆಳಗ್ಗೆ ಮೊದಲು ಅದನ್ನು ಮುಟ್ಟಿ ನೋಡಿ, ಬೆರಳಿಗೆ ಅಂಟಿದರೆ ನೆಮ್ಮದಿ ಪಡುತ್ತಿದ್ದೆ.

ಏಳನೇ ದಿನ ನಾನು ಬಚ್ಚಲ ಬಾಗಿಲು ತೆಗೆದರೆ ಅತ್ತಿಗೆ ಆ ಹಾಳೆ ಹಿಡಿದು ನಿಂತಿದ್ದರು. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

"ಗೀತಾ, ಬಿಸಿಲಿಗೆ ಇಡು" ಅಂದರು. "ಒದ್ದೆ ಇಟ್ಕೊಂಡ್ರೆ ಬೂಷ್ಟು ಬರುತ್ತೆ ಕಣೇ."

"ಅಣ್ಣನ ಹತ್ರ ನಾನು ಮಾತಾಡ್ಲಾ ಅತ್ತಿಗೆ?"

"ನಾನೇ ಮಾತಾಡ್ದೆ. ಮೊನ್ನೆ. ನಿಮ್ಮಣ್ಣ ಅತ್ತುಬಿಟ್ರು. ಹೋಗು ಅನ್ನಲಿಲ್ಲ. ಇರು ಅಂತಾನೂ ಅನ್ನಲಿಲ್ಲ."

ನಾನು ಬಾಗಿಲಿಗೆ ಒರಗಿ ಅತ್ತೆ. ಅವರು ಅಳಲಿಲ್ಲ, ನನ್ನ ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

ವಿಜಯದಶಮಿಯ ಮಾರನೇ ದಿನ ಬೆಳಗ್ಗೆ ಅವರ ತಂದೆ ಆಟೋ ತಂದರು. ಅಮ್ಮನಿಗೆ ಆ ಹೊತ್ತಿಗೆ ಎಲ್ಲ ಗೊತ್ತಾಗಿತ್ತು. ಎರಡು ದಿನದಿಂದ ಅಣ್ಣನ ಜೊತೆ ಮಾತು ಬಿಟ್ಟಿದ್ದಳು. ಹೊರಡುವಾಗ ಕುಂಕುಮ ಕೊಟ್ಟು, ತಾನೇ ಬಿಡಿಸಿದ್ದ ಎಂಟೆಳೆ ರಂಗೋಲಿಯ ಬಾಟಲಿನ ತುಂಬಾ ನಿಂಬೆಹಣ್ಣಿನ ಉಪ್ಪಿನಕಾಯಿ ಹಾಕಿ ಅತ್ತಿಗೆಯ ಕೈಗಿಟ್ಟಳು. "ಮುಗಿದ್ಮೇಲೆ ತೊಳೀಬ್ಯಾಡ, ಒರೆಸಿಟ್ಕೊ" ಅಂದಳು. ಅತ್ತಿಗೆ ತಲೆಯಾಡಿಸಿದರು. ನಾನು ಹೊರಗೆ ಬರಲಿಲ್ಲ. ಅವರೆ ಬಳ್ಳಿಯ ಹಾಳೆಯನ್ನು ಬಿಸಿಲಿಗೂ ಇಡಲಿಲ್ಲ. ಅವರು ಅಂಟಿಸಿ ಹೋಗುತ್ತೇನೆ ಅಂದಿದ್ದರು, ಒಣಗದಿದ್ದರೆ ಹೇಗೆ ಹೋಗುತ್ತಾರೆ ಅಂತ ಕೊನೆಯ ಗಳಿಗೆಯವರೆಗೂ ಹಟ ಹಿಡಿದು ಕೂತಿದ್ದೆ. ಆಟೋ ತಿರುವು ದಾಟಿದ ಸದ್ದು ಕೇಳಿಸಿತು.

ಆಮೇಲಿನದು ಬೇಗ ಹೇಳಿ ಮುಗಿಯುವ ಕತೆ. ಕಾಗದ ಪತ್ರ ಎಲ್ಲ ಒಂದೂವರೆ ವರ್ಷದಲ್ಲಿ ಆಯಿತು. ಅಣ್ಣನಿಗೆ ಇನ್ನೊಂದು ಮದುವೆಯಾಯಿತು, ಈ ಸಲ ಅವನೇ ಇಷ್ಟಪಟ್ಟು. ರೇಖಾ ಅತ್ತಿಗೆ ಒಳ್ಳೆಯವರು. ಅವರ ಜೊತೆ ಅಣ್ಣ ಮಾತಾಡುತ್ತಾನೆ, ಊಟ ಮಾಡುತ್ತಾ ಕಾರ್ಖಾನೆಯ ಸುದ್ದಿ ಹೇಳಿ ನಗುತ್ತಾನೆ. ಅವನು ನಗುವುದನ್ನು ಕಂಡರೆ ನನಗೆ ಸಂತೋಷವಾಗಬೇಕು, ಸಿಟ್ಟು ಬರುತ್ತದೆ. ಶಶಿ ಅತ್ತಿಗೆ ಲಷ್ಕರ್ ಮೊಹಲ್ಲಾದ ಒಂದು ಬೇಕರಿಯಲ್ಲಿ ಕೇಕಿನ ಮೇಲೆ ಹೂವು ಬಿಡಿಸುತ್ತಾರೆ ಅಂತ ಯಾರೋ ಹೇಳಿದರು. ಎಷ್ಟೋ ಸಲ ಆ ಕಡೆ ಬಸ್ಸಿಳಿದು, ಬೇರೆ ರಸ್ತೆಯಲ್ಲಿ ನಡೆದು ಬಂದಿದ್ದೇನೆ. ಹೋಗಿ ಏನಂತ ಕರೆಯುವುದು? ಅಣ್ಣನ ಹೆಂಡತಿ ಅಲ್ಲದ ಮೇಲೆ ಅವರು ನನಗೆ ಏನಾಗಬೇಕು? ನನ್ನ ಮೊಬೈಲಿನಲ್ಲಿ ಮಾತ್ರ ಅವರ ನಂಬರು ಬರೀ "ಅತ್ತಿಗೆ" ಅಂತಲೇ ಇದೆ. ಮನೆಯಲ್ಲಿ ಉಳಿದ ಒಂದೇ ಗಿಳಿಯ ಬಾಟಲಲ್ಲಿ ಅಮ್ಮ ಮೆಂತ್ಯ ಹಾಕಿಟ್ಟಿದ್ದಾಳೆ. ಇದು ಎಲ್ಲಿಯದು ಅಂತ ರೇಖಾ ಅತ್ತಿಗೆ ಬಂದ ಹೊಸದರಲ್ಲಿ ಕೇಳಿದಾಗ ಅಮ್ಮ, "ಅಂಗಡೀದು" ಅಂದಿದ್ದಳು. ಅವತ್ತು ನಾನು ಊಟ ಬಿಟ್ಟು ಎದ್ದಿದ್ದೆ.

ಹೋದ ವಾರ ಶಾಲೆಯಿಂದ ಬಂದವಳು ನೇರ ಅಟ್ಟದ ಮೇಲಿನ ಬಿ.ಎಡ್. ರೆಕಾರ್ಡುಗಳನ್ನು ಇಳಿಸಿದೆ. ಶಶಿ ಅತ್ತಿಗೆ ಹೋದ ಮೇಲೆ ಅವುಗಳ ಮೇಲೆ ಇಟ್ಟು ಮರೆತಿದ್ದ ಅವರೆ ಬಳ್ಳಿಯ ಹಾಳೆ ಹಾಗೇ ಇತ್ತು. ಯಾವಾಗಲೋ, ನಾನು ನೋಡದೆ ಇದ್ದಾಗ, ಹಾಲಾರಿತ್ತು. ಆ ನೇರಳೆ ಎಷ್ಟು ಗಾಢವಾಗಿತ್ತು ಅನ್ನುವುದನ್ನು ನಾನು ಏಳು ವರ್ಷದ ಮೇಲೆ ಮೊದಲ ಸಲ ಕಂಡೆ. ಅಂಚಿಗೆ ಉಗುರು ಹಾಕಿದರೆ ಚೂರು ಮುರಿದು ಬಂತು. ಒಣಗಿ ಒಣಗಿ ಪೆಡಸಾಗಿತ್ತು. ಅಡುಗೆಮನೆಯ ಮೇಜಿನ ಮುಂದೆ ಕೈಚೆಲ್ಲಿ ಕೂತೆ.

ಸಾರಿಗೆ ಇಟ್ಟಿದ್ದ ರೇಖಾ ಅತ್ತಿಗೆ ಬಗ್ಗಿ ನೋಡಿದರು. "ಮುರಿದೋಗ್ತಿದೆಯಾ? ಹಬೆಗೆ ಹಿಡಿ ಗೀತಾ. ಮೆತ್ತಗಾಗುತ್ತೆ."

ಕುದಿಯುವ ಪಾತ್ರೆಯ ಮೇಲೆ ಹಾಳೆ ಹಿಡಿದೆ. ಎರಡೇ ನಿಮಿಷ. ಎಲೆಗಳ ಅಂಚು ಸಣ್ಣಗೆ ಬೆಳ್ಳಗಾಯಿತು, ಬಳ್ಳಿ ಬಾಗಿತು. ಒಂದು ತುದಿಯಿಂದ ಎಳೆದರೆ ಇಡೀ ಬಳ್ಳಿ ಹೂವಿನ ಸಮೇತ ಕೈಗೆ ಬಂತು. ಒಂದು ಬಾಟಲಿಗೆ ಒತ್ತಿದೆ. ಗುಳ್ಳೆ ತೆಗೆದೆ.

"ಯಾರು ಬಿಡಿಸಿದ್ದು?" ಅಂದರು ರೇಖಾ ಅತ್ತಿಗೆ.

ಹಿತ್ತಿಲ ಬಾಗಿಲಲ್ಲಿ ಪಾತ್ರೆ ತೊಳೆಯುತ್ತಿದ್ದ ಅಮ್ಮನ ಕೈ ನಿಂತಿತು. ನಾನು ಹೇಳಿದೆ, "ಶಶಿ ಅತ್ತಿಗೆ." ರೇಖಾ ಅತ್ತಿಗೆ ಬಾಟಲನ್ನು ಬೆಳಕಿಗೆ ಹಿಡಿದು ನೋಡಿ, ಹುಷಾರಾಗಿ ಮೇಜಿನ ಮೇಲಿಟ್ಟು ಸಾರಿಗೆ ಒಗ್ಗರಣೆ ಹಾಕಲು ತಿರುಗಿದರು.

ಫೋಟೋ ತೆಗೆದೆ. ಆ ನಂಬರಿಗೆ ಕಳಿಸಿದೆ. ಜೊತೆಗೆ ಏನು ಬರೆಯಬೇಕೋ ತೋಚದೆ, "ಹಾಲಾರಿತು" ಅಂತ ಮಾತ್ರ ಬರೆದೆ. ಅವರು ನೋಡಿದ್ದು ಗೊತ್ತಾಯಿತು. ಉತ್ತರವಿಲ್ಲ. ಒಗ್ಗರಣೆ ಚಟಪಟ ಅಂದು ತಣ್ಣಗಾಯಿತು. ಹಳೆಯ ಗಾಯ ಕೆದಕಿದೆನಲ್ಲ ಅಂತ ಮೊಬೈಲು ಬೋರಲು ಹಾಕಿದಾಗ ಅದು ಸದ್ದು ಮಾಡಿತು.

ಓದಿದೆ. ಆಮೇಲೆ ಗಟ್ಟಿಯಾಗಿ, ಹಿತ್ತಿಲಿಗೆ ಕೇಳುವ ಹಾಗೆ ಓದಿದೆ: "ಚೆನ್ನಾಗಿ ಬಂದಿದೆ ಕಣೇ. ಅತ್ತೆ ಕೈಗೆ ಮಾತ್ರ ಕೊಡಬೇಡ, ತೊಳೆದುಬಿಡ್ತಾರೆ."

ಅಮ್ಮ ಎದ್ದು ಒಳಗೆ ಬಂದಳು. ಸೋಪಿನ ನೊರೆ ಮೊಣಕೈವರೆಗೂ ಇತ್ತು. ಸೆರಗು ತೆಗೆದು ಮೊದಲು ಅಂಗೈ ಒರೆಸಿಕೊಂಡಳು, ತಿರುಗಿಸಿ ಹಿಂಗೈ ಒರೆಸಿಕೊಂಡಳು, ಬೆರಳ ಸಂದಿಗಳನ್ನು ಒಂದೊಂದಾಗಿ ಒರೆಸಿಕೊಂಡಳು. ಆಮೇಲೆ ಎರಡೂ ಕೈಯಲ್ಲಿ ಬಾಟಲನ್ನು ಎತ್ತಿಕೊಂಡಳು.